ಯುದ್ಧವಿಮಾನ ಸಿಮ್ಯುಲೇಟರ್: ಚಿತ್ರವನ್ನೂ ಹಾರಾಟವನ್ನೂ ಒರೆಗೆ ಹಚ್ಚುವುದು ಹೇಗೆ?

ಯುದ್ಧವಿಮಾನ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸುವ ಆಟ, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಅದರ ಟ್ರೇಲರನ್ನು. ಇಳಿಬಿಸಿಲಿನಲ್ಲಿ ಹೊಳೆಯುವ ರೆಕ್ಕೆ, ಕಡಲ ಮೇಲೆ ಓಡುವ ನೆರಳು, ಸ್ಫೋಟದ ಬೆಂಕಿ ಎಲ್ಲವೂ ಕಣ್ಣು ತುಂಬುತ್ತವೆ. ಆದರೆ ವಿಮಾನ ಹೇಗೆ ಹಾರುತ್ತದೆ ಎಂಬುದು ಅದರಿಂದ ಕಿಂಚಿತ್ತೂ ತಿಳಿಯುವುದಿಲ್ಲ. ಚಿತ್ರದ ಗುಣವೂ ಅರೆಬರೆ ತಿಳಿಯುತ್ತದೆ, ಏಕೆಂದರೆ ಟ್ರೇಲರ್ ತೋರಿಸುವುದು ಹೊರಗಿನ ಕ್ಯಾಮೆರಾ ಕಂಡ ನೋಟವನ್ನು. ನಾವು ಗಂಟೆಗಟ್ಟಲೆ ನೋಡಬೇಕಾಗಿರುವುದು ಕಾಕ್‌ಪಿಟ್ಟಿನ ಒಳಗಿನಿಂದ ಕಾಣುವುದನ್ನು.

ಈ ಬಗ್ಗೆ ನನ್ನ ನಿಲುವು ಸ್ಪಷ್ಟವಾಗಿದೆ. ಪೈಲಟ್‌ನ ಕಣ್ಣಿಗೆ ಬೇಕಾದುದನ್ನು ಚಿತ್ರ ಸರಿಯಾಗಿ ತೋರಿಸುತ್ತದೆಯೇ? ವಿಮಾನದ ವರ್ತನೆ ಭೌತಶಾಸ್ತ್ರದ ಲೆಕ್ಕಕ್ಕೆ ತಾಳೆಯಾಗುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು, ಎರಡಕ್ಕೂ ನಮ್ಮ ಕೈಯಾರೆ ಉತ್ತರ ಕಂಡುಕೊಳ್ಳಬೇಕು. ಅದಕ್ಕೆ ಪೈಲಟ್ ಆಗಿರಬೇಕಿಲ್ಲ. ಒಂದು ಗಡಿಯಾರ, ಒಂದು ನೋಟ್‌ಬುಕ್, ಪಿಯುಸಿ ಮಟ್ಟದ ಭೌತಶಾಸ್ತ್ರ ಸಾಕು. ಚಿಕ್ಕಮಗಳೂರು, ಹಾಸನದ ಕಡೆಯವರಿಗೆ ಇನ್ನೊಂದು ಅನುಕೂಲವೂ ಇದೆ: ಎತ್ತರದಿಂದ ನೆಲ ಹೇಗೆ ಕಾಣುತ್ತದೆ, ಮೋಡದೊಳಗೆ ಹೊಕ್ಕರೆ ಏನಾಗುತ್ತದೆ ಎಂಬುದನ್ನು ನಾವು ಬೆಟ್ಟದ ರಸ್ತೆಯಲ್ಲೇ ಕಂಡವರು.

ಯಾವ ಜಾತಿಯ ಆಟ ಎಂಬುದು ಮೊದಲು ತಿಳಿದಿರಲಿ

ಏಸ್ ಕಾಂಬ್ಯಾಟ್‌ನಂಥ ಆಟಗಳು ನೈಜವೆಂದು ಹೇಳಿಕೊಳ್ಳುವುದೇ ಇಲ್ಲ. ನೂರಾರು ಕ್ಷಿಪಣಿ ಹೊತ್ತ ವಿಮಾನವನ್ನು ಹಾರಿಸುವ ಸಂತೋಷವೇ ಅವುಗಳ ಗುರಿ. ವಾರ್ ಥಂಡರ್‌ನಲ್ಲಿ ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್ ಎಂಬ ಮೂರು ವಿಧಾನಗಳಿವೆ. ಆರ್ಕೇಡ್‌ನಲ್ಲಿ ಆಡಿ ಅದರ ಹಾರಾಟದ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಐಎಲ್-2 ಸರಣಿ 2001ರಿಂದ ಎರಡನೇ ಮಹಾಯುದ್ಧದ ವಿಮಾನಗಳಿಗೆ ಹೆಸರಾಗಿದೆ. ಫಾಲ್ಕನ್ ಬಿಎಂಎಸ್ ಎಂಬುದು 1998ರ ಫಾಲ್ಕನ್ 4.0 ಆಟದ ಮೇಲೆ ಆಸಕ್ತರೇ ಕಟ್ಟಿ ಬೆಳೆಸಿದ್ದು. ಅದು ಉಚಿತ, ಆದರೆ ಮೂಲ ಆಟ ನಿಮ್ಮ ಬಳಿ ಇರಬೇಕು. ಅಲ್ಲಿ ಎಫ್-16 ಯುದ್ಧವಿಮಾನ ಒಂದರ ಸುತ್ತ ಇಡೀ ಯುದ್ಧವೇ ತಾನಾಗಿ ನಡೆಯುತ್ತಿರುತ್ತದೆ. ಡಿಸಿಎಸ್ ವರ್ಲ್ಡ್ ಒಂದೊಂದು ವಿಮಾನದ ಒಂದೊಂದು ಸ್ವಿಚ್ಚನ್ನೂ ಅನುಕರಿಸಲು ಹೊರಟದ್ದು. ಯಾವುದು ಏನನ್ನು ಕೊಡುತ್ತೇನೆಂದು ಮಾತು ಕೊಟ್ಟಿದೆಯೋ ಅದರ ಮೇಲೇ ಅದನ್ನು ಅಳೆಯಬೇಕು.

ಈ ಮಾರ್ಗದರ್ಶಿಯ ಹೆಚ್ಚಿನ ಪರೀಕ್ಷೆಗಳನ್ನು ಹಣ ಖರ್ಚಿಲ್ಲದೆ ಮಾಡಬಹುದು. ಡಿಸಿಎಸ್ ವರ್ಲ್ಡ್ ಜೊತೆಗೆ ಟಿಎಫ್-51ಡಿ ಎಂಬ ಪ್ರೊಪೆಲರ್ ವಿಮಾನ, ಸುಖೋಯ್-25ಟಿ ಎಂಬ ದಾಳಿ ವಿಮಾನ, ಕಾಕಸಸ್ ಪ್ರದೇಶದ ನಕ್ಷೆ ಉಚಿತವಾಗಿ ಬರುತ್ತವೆ. ಡೌನ್‌ಲೋಡ್ ಮಾತ್ರ ನೂರು ಜಿಬಿಗೂ ಮೀರುತ್ತದೆ. ಮಳೆಗಾಲದಲ್ಲಿ ಕರೆಂಟು, ಇಂಟರ್ನೆಟ್ ಎರಡೂ ಕೈಕೊಡುವ ಊರುಗಳಲ್ಲಿ ಇದಕ್ಕೆ ಒಂದೆರಡು ರಾತ್ರಿ ಮೀಸಲಿಡಿ.

ಪರೀಕ್ಷೆಗೆ ಮುನ್ನ

ಗ್ರಾಫಿಕ್ಸ್ ಕಾರ್ಡಿನ ತಾಕತ್ತನ್ನು ಆಟದ ಗುಣವೆಂದು ತಿಳಿಯುವ ಅಪಾಯವಿದೆ. ಆದ್ದರಿಂದ ಎರಡು ಆಟಗಳನ್ನು ಹೋಲಿಸುವಾಗ ಒಂದೇ ಕಂಪ್ಯೂಟರ್, ಒಂದೇ ರೆಸಲ್ಯೂಶನ್, ದಿನದ ಒಂದೇ ಹೊತ್ತು, ಒಂದೇ ಬಗೆಯ ಹವೆ ಇರಲಿ. ಸೆಟ್ಟಿಂಗ್ಸ್ ಅನ್ನು ತುತ್ತತುದಿಗೆ ಏರಿಸಬೇಡಿ. ನಿಮ್ಮ ಯಂತ್ರ ಸೆಕೆಂಡಿಗೆ 60 ಫ್ರೇಮ್‌ಗಳನ್ನು (ಬಿಡಿಚಿತ್ರಗಳನ್ನು) ಎಡವದೆ ಕೊಡುವ ಮಟ್ಟಕ್ಕೆ ಇಳಿಸಿಕೊಳ್ಳಿ. ಸರಾಸರಿ ಸಂಖ್ಯೆಯೊಂದನ್ನೇ ನಂಬಬೇಡಿ. 60 ಫ್ರೇಮ್ ಎಂದರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದು ಫ್ರೇಮ್ ನೂರು ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ ಅಷ್ಟೇನೂ ಕುಸಿಯದು, ಆದರೆ ಗುರಿಯಿಟ್ಟ ಕ್ಷಣದಲ್ಲಿ ಚಿತ್ರ ಮುಗ್ಗರಿಸಿದ್ದು ನಿಮ್ಮ ಕಣ್ಣಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಹಾರಾಟಕ್ಕೆ ನೆರವಾಗುವ ಆಯ್ಕೆಗಳನ್ನು, ಅಂದರೆ ಬಾಲದ ಚುಕ್ಕಾಣಿಯಾದ ರಡ್ಡರನ್ನು ತಾನಾಗಿ ಒತ್ತುವುದು, ಟೇಕಾಫ್‌ಗೆ ಸಹಾಯ ಮಾಡುವುದು ಇತ್ಯಾದಿಗಳನ್ನು, ಆಫ್ ಮಾಡಿಬಿಡಿ. ಅವು ಚಾಲೂ ಇದ್ದರೆ ವಿಮಾನದ ದೋಷ ಯಾವುದು, ಸಹಾಯಕನ ದೋಷ ಯಾವುದು ಎಂದು ಬಗೆಹರಿಯುವುದಿಲ್ಲ.

ಹಣ ಕೊಟ್ಟು ಕೊಳ್ಳುವುದಾದರೆ ಒಂದು ಮಾತು. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟವನ್ನು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಂತಿರುಗಿಸಬಹುದು. ಕೀಲಿಗಳನ್ನು ಹೊಂದಿಸುವುದರಲ್ಲೇ ಆ ಎರಡು ಗಂಟೆ ಕರಗಿಹೋಗುತ್ತದೆ. ಆದ್ದರಿಂದ ಏನೇನು ಪರೀಕ್ಷಿಸಬೇಕೆಂದು ಮೊದಲೇ ಬರೆದಿಟ್ಟುಕೊಂಡು ಕುಳಿತುಕೊಳ್ಳಿ. ಡಿಸಿಎಸ್ ತನ್ನದೇ ಜಾಲತಾಣದಿಂದ ಕೊಡುವ ಆವೃತ್ತಿಯಲ್ಲಿ ಅನೇಕ ವಿಮಾನಗಳನ್ನು ಎರಡು ವಾರ ಉಚಿತವಾಗಿ ಹಾರಿಸಿ ನೋಡುವ ಅವಕಾಶವಿದೆ. ಅದನ್ನು ಬಿಡಬೇಡಿ.

ಚಿತ್ರ: ದೂರದ ಬೆಟ್ಟದಿಂದ ಆರಂಭಿಸಿ

ಬಹಳ ಜನ ಕಾಕ್‌ಪಿಟ್ಟಿನ ತಿರುಪುಮೊಳೆಗಳನ್ನು ಹಿಗ್ಗಿಸಿ ನೋಡಿ ಚಿತ್ರದ ಗುಣ ನಿರ್ಧರಿಸುತ್ತಾರೆ. ನಾನು ನೋಡುವುದು ದಿಗಂತವನ್ನು. ಹಾರುವಾಗ ಪರದೆಯ ಬಹುಭಾಗವನ್ನು ತುಂಬುವುದು ದೂರದ ನೆಲ ಮತ್ತು ಆಕಾಶ. ಅಲ್ಲಿ ತಪ್ಪಿದ ಆಟ ಎಲ್ಲಿಯೂ ನಂಬಿಕೆ ಹುಟ್ಟಿಸುವುದಿಲ್ಲ.

ಕೈಮರ ದಾಟಿ ಮುಳ್ಳಯ್ಯನಗಿರಿಗೆ ಹತ್ತಿ, ಮಳೆ ನಿಂತ ಮೇಲಿನ ಒಂದು ತಿಳಿಯಾದ ಬೆಳಿಗ್ಗೆ ಪಶ್ಚಿಮಕ್ಕೆ ಮುಖ ಮಾಡಿ ನಿಂತು ನೋಡಿ. ಮುಂದಿನ ಸಾಲಿನ ಗುಡ್ಡ ಹಸಿರು, ಅದರ ಹಿಂದಿನದು ನೀಲಿ ಬೆರೆತ ಹಸಿರು, ಆಮೇಲಿನವು ಬರಿಯ ನೀಲಿ, ಕೊನೆಯ ಸಾಲು ಆಕಾಶದ ಬಣ್ಣಕ್ಕೆ ಹತ್ತಿರ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರ ಹೆಚ್ಚಿದಂತೆ ಬಣ್ಣ ಮಾಸುತ್ತದೆ, ಗಾಢ ಭಾಗಗಳು ತಿಳಿಯಾಗುತ್ತವೆ. ಇದು ಹಂತ ಹಂತವಾಗಿ ಆಗುತ್ತದೆ. ಈಗ ಡಿಸಿಎಸ್‌ನಲ್ಲಿ ಕಡಲತೀರದ ಬಟೂಮಿಯಿಂದ ಮೇಲೇರಿ ಕಾಕಸಸ್ ಪರ್ವತಗಳತ್ತ ತಿರುಗಿ. ಸಾಲು ಸಾಲಾಗಿ ಬಣ್ಣ ಮಾಸುತ್ತಿದೆಯೇ? ಒಂದು ದೂರದವರೆಗೆ ಎಲ್ಲವೂ ನಿಚ್ಚಳವಾಗಿದ್ದು, ಅಲ್ಲಿಂದಾಚೆ ಬಿಳಿ ಪರದೆ ಇಳಿಬಿಟ್ಟಂತಿದ್ದರೆ ಆ ಆಟ ಮಂಜನ್ನು ದೂರದ ನೆಲ ಮರೆಮಾಚಲು ಬಳಸುತ್ತಿದೆ ಎಂದರ್ಥ.

ಮರಗಳನ್ನು ನೋಡುವುದಕ್ಕೂ ನಮ್ಮ ಜಿಲ್ಲೆಯೇ ಪಾಠಶಾಲೆ. ಕಾಫಿ ತೋಟ ಬೆಟ್ಟದ ಮೇಲಿನಿಂದ ತೋಟದಂತೆ ಕಾಣುವುದೇ ಇಲ್ಲ. ನೆರಳುಮರಗಳ ತಲೆಗಳು ಸೇರಿ ಒಂದೇ ಕಾಡಿನಂತೆ ಕಾಣುತ್ತದೆ, ಕಾಫಿ ಗಿಡ ಪೂರ್ತಿ ಮರೆಯಾಗಿರುತ್ತದೆ. ಕೆಳಗೆ ಇಳಿದಂತೆ ಸಿಲ್ವರ್ ಓಕ್‌ಗಳ ನೆಟ್ಟಗಿನ ಕಾಂಡ, ಅವುಗಳ ನಡುವಿನ ಬಿಡುವು, ನೆಲದ ಮೇಲಿನ ಬಿಸಿಲಿನ ಚುಕ್ಕೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಆಟದಲ್ಲಿ ಒಂದೇ ಕಾಡಿನ ಮೇಲೆ 3000 ಮೀಟರ್, 300 ಮೀಟರ್, ಕೊನೆಗೆ 50 ಮೀಟರ್ ಎತ್ತರದಲ್ಲಿ ಹಾರಿ. ಮೂರು ಎತ್ತರದಲ್ಲೂ ನೋಟ ಒಪ್ಪುವಂತಿರಬೇಕು. ಮೇಲಿನಿಂದ ಚೆಂದ, ಕೆಳಗೆ ಬಂದರೆ ಬಣ್ಣ ಬಳಿದ ಬಟ್ಟೆ ಎನ್ನುವಂತಿದ್ದರೆ ಹೆಲಿಕಾಪ್ಟರ್ ಮತ್ತು ದಾಳಿ ವಿಮಾನಗಳಿಗೆ ಆ ಆಟ ಸಲ್ಲದು. ಎತ್ತರದಲ್ಲೇ ಕಾದಾಡುವ ಜೆಟ್‌ಗಳಿಗೆ ಅದೇನೂ ದೊಡ್ಡ ಕೊರತೆಯಲ್ಲ. ನೀವು ಸಮೀಪಿಸಿದಾಗ ಮರ, ಮನೆಗಳು ಧುತ್ತೆಂದು ಎದ್ದು ನಿಲ್ಲುತ್ತವೆಯೇ ಎಂಬುದನ್ನೂ ಗಮನಿಸಿ.

ಸೂರ್ಯನ ಸ್ಥಾನ ಲೆಕ್ಕಕ್ಕೆ ಸಿಗುವ ವಿಷಯ. ನನಗೆ ತಿಳಿದ ಯಾವ ಯುದ್ಧ ಸಿಮ್ಯುಲೇಟರ್‌ನಲ್ಲೂ ನಮ್ಮ ಸೀಮೆಯ ನಕ್ಷೆ ಇಲ್ಲ. ಆದರೆ ಉಚಿತವಾದ ಫ್ಲೈಟ್‌ಗಿಯರ್ ಅಥವಾ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಂಥ ನಾಗರಿಕ ಸಿಮ್ಯುಲೇಟರ್‌ಗಳಲ್ಲಿ ಇಡೀ ಭೂಮಿ ಇದೆ. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಬಳಿ. ಏಪ್ರಿಲ್ ಕೊನೆಯ ವಾರದ ಆರಂಭದಲ್ಲಿ, ಮಧ್ಯಾಹ್ನ ಸುಮಾರು 12.25ಕ್ಕೆ, ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ವಿಮಾನವನ್ನು ಹಾಸನದ ನೆಲದ ಮೇಲೆ ನಿಲ್ಲಿಸಿ, ಆ ದಿನ ಆ ಹೊತ್ತು ಹೊಂದಿಸಿದರೆ ನೆರಳು ನೇರ ಅಡಿಗೆ ಬೀಳಬೇಕು. ಕಾಕಸಸ್ ನಕ್ಷೆ ಸುಮಾರು 42 ಡಿಗ್ರಿ ಅಕ್ಷಾಂಶದ್ದು. ಅಲ್ಲಿ ಜೂನ್ 21ರ ನಡುಹಗಲಲ್ಲೂ ಸೂರ್ಯ ಸುಮಾರು 71.5 ಡಿಗ್ರಿಗಿಂತ ಮೇಲೇರಬಾರದು. ನಾಗರಿಕ ಸಿಮ್ಯುಲೇಟರ್‌ಗೆ ಹೋದಾಗ ಗೊರೂರಿನ ಹೇಮಾವತಿ ಹಿನ್ನೀರನ್ನೂ ಒಮ್ಮೆ ನೋಡಿ ಬನ್ನಿ. ಮೇ ತಿಂಗಳ ನೀರಿನ ಅಂಚು, ಆಗಸ್ಟ್‌ನ ನೀರಿನ ಅಂಚು ಎರಡನ್ನೂ ಕಂಡವರಿಗೆ, ಉಪಗ್ರಹದ ಒಂದೇ ಚಿತ್ರವನ್ನು ವರ್ಷವಿಡೀ ಹಾಸಿದರೆ ಏನು ಕಳೆದುಹೋಗುತ್ತದೆ ಎಂಬುದು ತಕ್ಷಣ ಹೊಳೆಯುತ್ತದೆ.

ಇನ್ನು ಮೋಡ. ಜುಲೈನಲ್ಲಿ ಗಿರಿಯ ರಸ್ತೆಯಲ್ಲಿ ಮೋಡ ನುಗ್ಗಿದಾಗ ನೆರಳುಗಳೆಲ್ಲ ಅಳಿದುಹೋಗುತ್ತವೆ, ಬೆಳಕು ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುತ್ತದೆ, ಹತ್ತಡಿ ಮುಂದಿನ ತಡೆಗೋಡೆ ಕಾಣದು. ಆಟದ ಮೋಡದೊಳಗೆ ಹೊಕ್ಕು ಇದನ್ನೇ ಹುಡುಕಿ. ಹೊರಬಂದ ಮೇಲೆ ಮೋಡದ ನೆರಳು ನೆಲದ ಮೇಲಿದೆಯೇ ನೋಡಿ. ಎದುರಾಳಿ ವಿಮಾನವೊಂದನ್ನು ಬೆನ್ನಿಗೆ ಬಿಟ್ಟುಕೊಂಡು ಮೋಡದಲ್ಲಿ ಅಡಗಿ. ಕಂಪ್ಯೂಟರ್ ಹಾರಿಸುವ ಆ ಎದುರಾಳಿ ಏನೂ ಆಗದವನಂತೆ ಬೆನ್ನಟ್ಟುತ್ತಲೇ ಇದ್ದರೆ ಆ ಮೋಡ ನಿಮಗಷ್ಟೇ ಮೋಡ. ನೋಟಕ್ಕೆ ಎಷ್ಟೇ ಸೊಗಸಾಗಿದ್ದರೂ ಯುದ್ಧದ ಆಟದಲ್ಲಿ ಇದು ಗಂಭೀರ ಕೊರತೆ.

ಅಲಂಕಾರಕ್ಕೆಂದು ಸುರಿದ ಹಬೆಯನ್ನೂ ಗುರುತಿಸಬಹುದು. ರಭಸದಿಂದ ತಿರುಗುವ ವಿಮಾನದ ರೆಕ್ಕೆಯ ಮೇಲೆ ಬಿಳಿ ಹಬೆ ಮೂಡುವುದು ಗಾಳಿಯಲ್ಲಿ ತೇವ ಸಾಕಷ್ಟಿದ್ದಾಗ. ಮರುಭೂಮಿಯ ಒಣ ಮಧ್ಯಾಹ್ನದಲ್ಲೂ ಪ್ರತಿ ತಿರುವಿಗೆ ಹಬೆ ಬಂದರೆ ಅದು ಪ್ರದರ್ಶನಕ್ಕಷ್ಟೇ. ವಿಮಾನದ ಹಿಂದೆ ಗೆರೆಯಂತೆ ಉಳಿಯುವ ಬಿಳಿ ಜಾಡು ಸಾಮಾನ್ಯವಾಗಿ 8 ಕಿ.ಮೀ.ಗಿಂತ ಮೇಲಿನ ಕೊರೆಯುವ ಚಳಿಯಲ್ಲಿ ಮೂಡುವಂಥದು. ಬೇಸಿಗೆಯಲ್ಲಿ ಮೂರು ಕಿ.ಮೀ. ಎತ್ತರದಲ್ಲಿ ಅದು ಕಾಣಬಾರದು.

ಚುಕ್ಕೆಯಷ್ಟು ವಿಮಾನ

ಆಕಾಶಯುದ್ಧದಲ್ಲಿ ಮೊದಲು ಕಂಡವನಿಗೆ ಅರ್ಧ ಗೆಲುವು. ಆದ್ದರಿಂದ ದೂರದ ವಿಮಾನವನ್ನು ಆಟ ಹೇಗೆ ತೋರಿಸುತ್ತದೆ ಎಂಬುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಲೆಕ್ಕ ಹೀಗಿದೆ. ಹತ್ತು ಮೀಟರ್ ರೆಕ್ಕೆಯ ವಿಮಾನ 10 ಕಿ.ಮೀ. ದೂರದಲ್ಲಿದ್ದರೆ ಕಣ್ಣಿಗೆ ಸುಮಾರು ಮೂರೂವರೆ ಕೋನ ನಿಮಿಷದಷ್ಟು (ಕೋನ ನಿಮಿಷ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕಾಣುತ್ತದೆ. ಆರೋಗ್ಯವಂತ ಕಣ್ಣು ಒಂದು ಕೋನ ನಿಮಿಷದಷ್ಟನ್ನೂ ಬಿಡಿಸಿ ನೋಡಬಲ್ಲದು. ಆದರೆ 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 80 ಡಿಗ್ರಿಯ ನೋಟ ಇಟ್ಟುಕೊಂಡರೆ ಅದೇ ವಿಮಾನಕ್ಕೆ ಸಿಗುವುದು ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು ಜಾಗ, ಅಷ್ಟೇ. ನಿಜವಾದ ಪೈಲಟ್ ಕಾಣುವುದನ್ನು ನಮ್ಮ ಪರದೆ ತೋರಿಸಲಾರದು. ಇದನ್ನು ಸರಿದೂಗಿಸಲು ಕೆಲವು ಆಟಗಳು ದೂರದ ವಿಮಾನಕ್ಕೆ ಕಪ್ಪು ಚುಕ್ಕೆ ಇಡುತ್ತವೆ, ಕೆಲವು ಅದನ್ನು ಸ್ವಲ್ಪ ದೊಡ್ಡದು ಮಾಡುತ್ತವೆ, ಕೆಲವು ನೋಟ ಹಿಗ್ಗಿಸುವ ಕೀಲಿ ಕೊಟ್ಟು ಸುಮ್ಮನಾಗುತ್ತವೆ.

ಪರೀಕ್ಷೆಗೆ, ಆಟದ ಸನ್ನಿವೇಶವನ್ನು ನಾವೇ ಕಟ್ಟಬಹುದಾದ ಮಿಷನ್ ಎಡಿಟರ್‌ನಲ್ಲಿ ಒಂದೇ ಬಗೆಯ ವಿಮಾನಗಳನ್ನು 3, 6, 10, 15 ಕಿ.ಮೀ. ದೂರಗಳಲ್ಲಿ ಇಟ್ಟು, ವಿಮಾನಗಳ ಪಕ್ಕ ಕಾಣುವ ಹೆಸರುಪಟ್ಟಿಗಳನ್ನು ಆಫ್ ಮಾಡಿ ನೋಡಿ. ದೂರ ಹೆಚ್ಚಿದಂತೆ ಕಾಣುವುದು ಕ್ರಮೇಣ ಕಷ್ಟವಾಗಬೇಕು. 15 ಕಿ.ಮೀ. ಆಚೆ ದಪ್ಪ ಚುಕ್ಕೆಯಾಗಿದ್ದ ವಿಮಾನ 6 ಕಿ.ಮೀ.ಗೆ ಬಂದಾಗ ಮಾಯವಾದರೆ ಲೆಕ್ಕ ತಪ್ಪಿದೆ. ಆಕಾಶದ ಹಿನ್ನೆಲೆಯಲ್ಲಿ ಸುಲಭವಾಗಿ, ಕಾಡಿನ ಹಿನ್ನೆಲೆಯಲ್ಲಿ ಕಷ್ಟವಾಗಿ ಕಾಣುವುದೇ ಸರಿ. ಅಂಚುಗಳನ್ನು ನಯಗೊಳಿಸುವ ಟಿಎಎ, ಡಿಎಲ್‌ಎಸ್‌ಎಸ್ ಮುಂತಾದ ತಂತ್ರಗಳನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ಇದೇ ಪರೀಕ್ಷೆ ಮಾಡಿ. ಅವು ಕೆಲವೊಮ್ಮೆ ಚುಕ್ಕೆಯನ್ನು ನುಂಗಿಬಿಡುತ್ತವೆ, ಇಲ್ಲವೇ ಹಿಂದೆ ಮಸಿಯಂಥ ಬಾಲ ಎಳೆಯುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಇದು ಸುಲಭವಾಗಿ ಕಾಣುವುದಿಲ್ಲ.

ಹಾರಾಟ: ಕಷ್ಟವಾದ ಮಾತ್ರಕ್ಕೆ ನೈಜವಲ್ಲ

ವಿಮಾನ ಕೈಗೆ ಸಿಗದೆ ಒದ್ದಾಡಿಸಿದರೆ ಅದು ನೈಜವೆಂಬ ನಂಬಿಕೆ ಸಿಮ್ಯುಲೇಟರ್ ಆಡುವವರಲ್ಲಿ ಬಲವಾಗಿ ಬೇರೂರಿದೆ. ಆದರೆ ಎರಡನೇ ಮಹಾಯುದ್ಧದಲ್ಲಿ ನಿಜವಾದ ವಿಮಾನಗಳನ್ನು ಇಪ್ಪತ್ತರ ಹರೆಯದ ಹುಡುಗರು ಕೆಲವೇ ತಿಂಗಳ ತರಬೇತಿಯಲ್ಲಿ ಹಾರಿಸಿದ್ದರು. ಸರಿಯಾಗಿ ಟ್ರಿಮ್ ಮಾಡಿದ, ಅಂದರೆ ಕೈಯ ಒತ್ತಡವಿಲ್ಲದೆ ಸಮತೋಲನದಲ್ಲಿ ಸಾಗುವಂತೆ ಹೊಂದಿಸಿದ, ಹೆಚ್ಚಿನ ವಿಮಾನಗಳು ಕೈಬಿಟ್ಟರೂ ಒಂದಷ್ಟು ಹೊತ್ತು ನೆಟ್ಟಗೆ ಸಾಗುತ್ತವೆ. ಆದ್ದರಿಂದ ಮೊದಲ ಪರೀಕ್ಷೆ ಅದೇ: ಸಮತಟ್ಟಾದ ಹಾರಾಟದಲ್ಲಿ ಟ್ರಿಮ್ ಮಾಡಿ ಸ್ಟಿಕ್ (ವಿಮಾನ ನಿಯಂತ್ರಿಸುವ ಹಿಡಿಕೆ) ಬಿಟ್ಟುನೋಡಿ.

ಟಿಎಫ್-51ಡಿ ವಿಮಾನವನ್ನು ರನ್‌ವೇಯಲ್ಲಿ ನಿಲ್ಲಿಸಿ, ಎಂಜಿನ್‌ನ ಶಕ್ತಿ ಹೆಚ್ಚಿಸುವ ಥ್ರಾಟಲನ್ನು ಒಮ್ಮೆಲೇ ಮುಂದಕ್ಕೆ ತಳ್ಳಿ. ಮೂತಿ ಎಡಕ್ಕೆ ಎಳೆಯಬೇಕು, ಬಲಗಾಲಿನ ರಡ್ಡರ್ ಒತ್ತದೆ ನೇರ ಓಡಬಾರದು. ಕಾಕ್‌ಪಿಟ್ಟಿನಿಂದ ನೋಡಿದರೆ ಅದರ ಪ್ರೊಪೆಲರ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ, ಅದರ ಪರಿಣಾಮ ಇದು. ಗ್ರಿಫನ್ ಎಂಜಿನ್‌ನ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನಲ್ಲಿ ಪ್ರೊಪೆಲರ್ ತಿರುಗುವುದು ಎದುರು ದಿಕ್ಕಿಗೆ, ಹಾಗಾಗಿ ಮೂತಿ ಬಲಕ್ಕೆ ಎಳೆಯಬೇಕು. ಎರಡನ್ನೂ ಒಂದೇ ಕಡೆಗೆ ಎಳೆಸುವ ಆಟ ಎಂಜಿನ್‌ಗಳನ್ನು ಓದಿಕೊಂಡಿಲ್ಲ.

ಆಮೇಲೆ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಸೋಲುವ ಸ್ಥಿತಿ. ಮೂರು ಸಾವಿರ ಮೀಟರ್‌ಗೆ ಏರಿ, ಎಂಜಿನ್ ಕಡಿಮೆ ಮಾಡಿ, ಎತ್ತರ ಕಳೆಯದಂತೆ ನಿಧಾನವಾಗಿ ಸ್ಟಿಕ್ ಎಳೆಯುತ್ತಾ ಹೋಗಿ. ವಿಮಾನ ನಡುಗಿ, ಮೂತಿ ಕುಸಿದ ವೇಗವನ್ನು ಬರೆದುಕೊಳ್ಳಿ. ಈಗ 60 ಡಿಗ್ರಿ ವಾಲಿಸಿ, ಎತ್ತರ ಕಳೆಯದೆ ತಿರುಗುತ್ತಾ ಅದೇ ಪರೀಕ್ಷೆ ಮಾಡಿ. ಅಂಥ ತಿರುವಿನಲ್ಲಿ ರೆಕ್ಕೆ ಎರಡು ಪಟ್ಟು ತೂಕ ಹೊರುತ್ತದೆ, ಆದ್ದರಿಂದ ಸ್ಟಾಲ್ ವೇಗ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಆಗಬೇಕು. ಮೊದಲಿನದು ಗಂಟೆಗೆ 160 ಕಿ.ಮೀ. ಇದ್ದರೆ ಈಗ 225ರ ಆಸುಪಾಸು. ಟ್ಯಾಂಕ್ ತುಂಬಿಸಿ ಒಮ್ಮೆ, ಬಹುತೇಕ ಖಾಲಿ ಮಾಡಿ ಒಮ್ಮೆ ನೋಡಿದರೆ ತೂಕಕ್ಕೆ ತಕ್ಕಂತೆ ವೇಗ ಬದಲಾಗುವುದೂ ತಿಳಿಯುತ್ತದೆ. ಇಡೀ ಹಾರಾಟದ ಮಾದರಿಯ, ಅಂದರೆ ವಿಮಾನದ ಚಲನೆಯನ್ನು ಆಟ ಲೆಕ್ಕ ಹಾಕುವ ಬಗೆಯ, ನಾಡಿ ಈ ಒಂದು ಪರೀಕ್ಷೆಯಲ್ಲಿ ಸಿಗುತ್ತದೆ.

ಎತ್ತರದ ಗಾಳಿ ತೆಳು ಎಂಬುದನ್ನು ಆಟ ಲೆಕ್ಕಕ್ಕೆ ಹಿಡಿದಿದೆಯೇ? ಮುಳ್ಳಯ್ಯನಗಿರಿಯ ತುದಿಯಲ್ಲೇ, ಸುಮಾರು 1930 ಮೀಟರ್ ಎತ್ತರದಲ್ಲಿ, ಗಾಳಿಯ ಸಾಂದ್ರತೆ ಕಡಲಮಟ್ಟಕ್ಕಿಂತ ಸುಮಾರು ಶೇ. 17ರಷ್ಟು ಕಡಿಮೆ. ಆರು ಸಾವಿರ ಮೀಟರ್‌ನಲ್ಲಿ ಅದು ಅರ್ಧದ ಸಮೀಪಕ್ಕೆ ಇಳಿದಿರುತ್ತದೆ. ವೇಗಮಾಪಕ ಗಾಳಿಯ ಒತ್ತಡವನ್ನು ಅಳೆಯುವ ಸಾಧನವಾದ್ದರಿಂದ ಅಲ್ಲಿ ಅದು ಗಂಟೆಗೆ 400 ಕಿ.ಮೀ. ತೋರಿಸುವಾಗ ವಿಮಾನದ ನಿಜವಾದ ವೇಗ 540ರಷ್ಟಿರಬೇಕು. ಗಾಳಿ ಬೀಸದ, ಕಡಲಮಟ್ಟದಲ್ಲಿ 15 ಡಿಗ್ರಿಯ ಹವೆ ಇಟ್ಟು, ನಕ್ಷೆಯಲ್ಲಿ 20 ಕಿ.ಮೀ. ಅಂತರದ ಎರಡು ಗುರುತು ಹಿಡಿದು, ಗಡಿಯಾರ ನೋಡಿ. ಕಡಲ ಮೇಲೆ ಕೆಳಮಟ್ಟದಲ್ಲಿ ಮೂರು ನಿಮಿಷ, ಆರು ಸಾವಿರ ಮೀಟರ್‌ನಲ್ಲಿ ಸುಮಾರು ಎರಡೂಕಾಲು ನಿಮಿಷ. ಟಿಎಫ್-51ಡಿಯ ಮಾಪಕ ಮೈಲಿಯದು, 250 ಮೈಲಿ ಇಟ್ಟುಕೊಂಡರೆ ಇದೇ ಲೆಕ್ಕ ಬರುತ್ತದೆ.

ಇತಿಹಾಸ ಬಲ್ಲ ಆಟವನ್ನು ಹಿಡಿಯಲು ಒಂದು ಒಳ್ಳೆಯ ಉಪಾಯವಿದೆ. 1940ರ ಸ್ಪಿಟ್‌ಫೈರ್, ಹರಿಕೇನ್‌ಗಳ ಮರ್ಲಿನ್ ಎಂಜಿನ್‌ನಲ್ಲಿ ತೇಲುಬುರುಡೆಯ ಕಾರ್ಬ್ಯುರೇಟರ್ (ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇತ್ತು. ಪೈಲಟ್ ಮೂತಿಯನ್ನು ರಪ್ಪನೆ ಕೆಳಗೆ ದೂಡಿದರೆ ಇಂಧನ ಮೇಲಕ್ಕೆ ಚಿಮ್ಮಿ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಜರ್ಮನಿಯ ಮೆಸ್ಸರ್‌ಸ್ಮಿಟ್ 109ರಲ್ಲಿ ಇಂಧನವನ್ನು ನೇರವಾಗಿ ಎಂಜಿನ್‌ಗೆ ಚಿಮ್ಮಿಸುವ ವ್ಯವಸ್ಥೆ ಇದ್ದುದರಿಂದ ಅದು ಸಲೀಸಾಗಿ ಕೆಳಕ್ಕೆ ಧುಮುಕಿ ತಪ್ಪಿಸಿಕೊಳ್ಳುತ್ತಿತ್ತು. ಅದನ್ನು ಬೆನ್ನಟ್ಟಲು ಬ್ರಿಟಿಷ್ ಪೈಲಟ್‌ಗಳು ಮೊದಲು ವಿಮಾನವನ್ನು ಮಗುಚಿ ಆಮೇಲೆ ಧುಮುಕಬೇಕಾಗಿತ್ತು. ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ರೂಪಿಸಿದ ಸಣ್ಣ ಲೋಹದ ತಡೆಬಿಲ್ಲೆಯನ್ನು 1941ರಲ್ಲಿ ಎಂಜಿನ್‌ಗಳಿಗೆ ಜೋಡಿಸಿದ ಮೇಲೆ ತೊಂದರೆ ಬಹುಮಟ್ಟಿಗೆ ತಗ್ಗಿತು. ಐಎಲ್-2 ಕ್ಲಿಫ್ಸ್ ಆಫ್ ಡೋವರ್‌ನ ಮೊದಲ ಮಾದರಿಯ ಸ್ಪಿಟ್‌ಫೈರ್‌ನಲ್ಲಿ ಮೂತಿ ಕೆಳಗೆ ದೂಡಿ ಕಿವಿಗೊಟ್ಟು ಕೇಳಿ. ಡಿಸಿಎಸ್‌ನಲ್ಲಿರುವುದು ಮರ್ಲಿನ್ 66 ಎಂಜಿನ್‌ನ ಒಂಬತ್ತನೇ ಮಾದರಿ. ಅದರಲ್ಲಿ ಹಾಗೆ ಕೆಮ್ಮದಿರುವುದೇ ಸರಿ.

ಜೆಟ್‌ಗಳಲ್ಲಿ ನಮ್ಮವರಿಗೆ ಹತ್ತಿರದ್ದು ಮಿಗ್-21. 1963ರಲ್ಲಿ ವಾಯುಪಡೆಗೆ ಸೇರಿ 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಹೊಂದಿದ ವಿಮಾನ ಇದು, ಡಿಸಿಎಸ್‌ನಲ್ಲಿ ಇದರ ಬಿಸ್ ಮಾದರಿ ಸಿಗುತ್ತದೆ. ತ್ರಿಕೋನ ರೆಕ್ಕೆಯ ಈ ವಿಮಾನ ಬಿಗಿಯಾಗಿ ತಿರುಗಿದರೆ ವೇಗವನ್ನು ಸರಸರನೆ ಕಳೆದುಕೊಳ್ಳಬೇಕು, ಇಳಿಯುವಾಗ ಮೂತಿ ಎತ್ತಿಕೊಂಡು ರಭಸದಲ್ಲೇ ಬರಬೇಕು. ತಿರುಗುತ್ತಲೇ ವೇಗ ಉಳಿಸಿಕೊಳ್ಳುವ ಮಿಗ್-21 ಎಲ್ಲಿಯಾದರೂ ಕಂಡರೆ ಅದನ್ನು ನಂಬಬೇಡಿ.

ಬಾಂಬು, ಗುಂಡು, ಶಬ್ದ

ಸುಖೋಯ್-25ಟಿಯಲ್ಲಿ 1000 ಮೀಟರ್ ಎತ್ತರ, ಗಂಟೆಗೆ 540 ಕಿ.ಮೀ. ವೇಗ ಇಟ್ಟು ಸಮತಟ್ಟಾಗಿ ಹಾರುತ್ತಾ ಸಾಧಾರಣ ಬಾಂಬೊಂದನ್ನು ಬಿಡಿ. ಗಾಳಿಯ ತಡೆ ಇಲ್ಲದಿದ್ದರೆ ಅದು 14.3 ಸೆಕೆಂಡ್‌ನಲ್ಲಿ, 2.1 ಕಿ.ಮೀ. ಮುಂದೆ ಬೀಳಬೇಕು. ತಡೆ ಇರುವುದರಿಂದ ಕಾಲ ತುಸು ಹೆಚ್ಚಿ, ದೂರ ತುಸು ತಗ್ಗಿರಬೇಕು. ಹಿಂದೆ ಛತ್ರಿಯಂತೆ ಬಿಚ್ಚಿಕೊಳ್ಳುವ ಬಾಂಬು ಬಹಳ ಹಿಂದೆಯೇ ಬೀಳಬೇಕು. ಮೊದಲ ಮಾದರಿಯ ಸ್ಪಿಟ್‌ಫೈರ್‌ನ ಎಂಟು ಬಂದೂಕುಗಳ ಗುಂಡು ಒಟ್ಟು ಸುಮಾರು 15 ಸೆಕೆಂಡ್‌ಗಷ್ಟೇ ಸಾಲುತ್ತಿತ್ತು. ಅದಕ್ಕಿಂತ ಬಹಳ ಹೆಚ್ಚು ಹೊತ್ತು ಸುಡಲು ಬಿಟ್ಟರೆ ಆಟ ನಿಮಗೆ ರಿಯಾಯಿತಿ ತೋರಿಸುತ್ತಿದೆ.

ಶಬ್ದದ ಪರೀಕ್ಷೆ ಚಿಕ್ಕದು. ಮೂರು ಕಿ.ಮೀ. ದೂರದ ಸ್ಫೋಟವನ್ನು ನೆಲದ ಮೇಲಿನ ಕ್ಯಾಮೆರಾದಿಂದ ನೋಡಿ. ಬೆಳಕು ಕಂಡ ಸುಮಾರು ಒಂಬತ್ತು ಸೆಕೆಂಡ್ ಆದಮೇಲೆ ಸದ್ದು ಬರಬೇಕು. ಯಲಹಂಕದ ಏರೋ ಇಂಡಿಯಾಕ್ಕೆ ಹೋಗಿಬಂದವರಿಗೆ ಇದು ಅನುಭವವೇದ್ಯ: ಸದ್ದು ಬಂದ ಕಡೆ ತಲೆಯೆತ್ತಿದರೆ ವಿಮಾನ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ.

ಎದುರಾಳಿಯನ್ನೂ ತೂಗಿ ನೋಡಿ

ಕೆಲವು ಆಟಗಳಲ್ಲಿ ಕಂಪ್ಯೂಟರ್ ಹಾರಿಸುವ ವಿಮಾನಗಳಿಗೆ ನಮ್ಮದಕ್ಕಿಂತ ಸರಳವಾದ ಹಾರಾಟದ ಮಾದರಿ ಇರುತ್ತದೆ. ಇದನ್ನು ಪತ್ತೆ ಮಾಡಲು ನಿಮ್ಮದೇ ಬಗೆಯ ವಿಮಾನವನ್ನು, ಅಷ್ಟೇ ಇಂಧನ ತುಂಬಿಸಿ, ಎದುರಾಳಿಯಾಗಿ ಇಡಿ. ಅದರ ಬೆನ್ನ ಹಿಂದೆ ಅದೇ ವೇಗದಲ್ಲಿ ನೇರ ಮೇಲಕ್ಕೆ ಏರಿ. ನೀವು ವೇಗ ಕಳೆದುಕೊಂಡು ಉರುಳಿದ ಮೇಲೂ ಅದು ಏರುತ್ತಲೇ ಇದ್ದರೆ ಅಲ್ಲಿ ಎರಡು ಬಗೆಯ ಭೌತಶಾಸ್ತ್ರ ನಡೆಯುತ್ತಿದೆ. ಒಂದೆರಡು ಸಲ ಮಾಡಿ ಖಚಿತಪಡಿಸಿಕೊಳ್ಳಿ, ನಿಮ್ಮ ಕೈಚಳಕದ ಕೊರತೆಯನ್ನು ಆಟದ ಮೇಲೆ ಹೊರಿಸಿದಂತಾಗಬಾರದು. ಹಾನಿಯನ್ನು ನೋಡುವಾಗ ಬೆಂಕಿ ಹೊಗೆಗಳಿಗಿಂತ ಪರಿಣಾಮ ಮುಖ್ಯ: ಒಂದು ರೆಕ್ಕೆಗೆ ಗುಂಡು ಬಿದ್ದರೆ ವಿಮಾನ ಆ ಕಡೆ ವಾಲುತ್ತದೆಯೇ, ತಂಪುಕಾರಕ ಸೋರಿದ ಎಂಜಿನ್ ಕೆಲವು ನಿಮಿಷ ಬಿಸಿಯೇರಿ ಆಮೇಲೆ ನಿಲ್ಲುತ್ತದೆಯೇ ಎಂದು ನೋಡಿ.

ಬರೆದಿಡುವ ಬಗೆ

ಚಿತ್ರಕ್ಕೊಂದು, ಹಾರಾಟಕ್ಕೊಂದು ಪುಟ ಇಡಿ. ಎರಡರ ಅಂಕಗಳನ್ನು ಕೂಡಿಸಿ ಒಂದೇ ಸಂಖ್ಯೆ ಮಾಡಬೇಡಿ. ಹತ್ತಕ್ಕೆ ಒಂಬತ್ತು ಅಂಕದ ಚಿತ್ರ ನಾಲ್ಕು ಅಂಕದ ಹಾರಾಟವನ್ನು ಮುಚ್ಚಿಹಾಕುವುದು ಹಾಗೆಯೇ. ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಆಟದ ಆವೃತ್ತಿಯ ಸಂಖ್ಯೆ, ದಿನಾಂಕ, ಗ್ರಾಫಿಕ್ಸ್ ಸೆಟ್ಟಿಂಗ್ಸ್ ಬರೆಯಿರಿ, ಸಾಧ್ಯವಾದರೆ ಆ ಮಿಷನ್ ಕಡತವನ್ನೂ ಉಳಿಸಿಕೊಳ್ಳಿ. ಈ ಆಟಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಒಂದು ಅಪ್‌ಡೇಟ್ ಬಂದರೆ ಮೋಡವೂ ಬದಲಾಗಬಹುದು, ಸ್ಟಾಲ್ ವೇಗವೂ ಬದಲಾಗಬಹುದು. ಅಂಥ ಪ್ರತಿ ಅಪ್‌ಡೇಟ್ ಆದಮೇಲೆ ಎಲ್ಲವನ್ನೂ ಮತ್ತೆ ಮಾಡುವ ಅಗತ್ಯವಿಲ್ಲ. ದೂರದ ಚುಕ್ಕೆಯದು, 60 ಡಿಗ್ರಿ ತಿರುವಿನದು, ಈ ಎರಡು ಪರೀಕ್ಷೆ ಮಾಡಿ ಹಳೆಯ ಟಿಪ್ಪಣಿಯೊಂದಿಗೆ ಹೋಲಿಸಿ. ವ್ಯತ್ಯಾಸ ಕಂಡಲ್ಲಿಂದ ಮುಂದಿನದನ್ನು ಪರೀಕ್ಷಿಸುತ್ತಾ ಹೋಗಿ.